ಬೀಗ ಹಾಕಿದ ಬಾಗಿಲುಗಳ ಲೆಕ್ಕ

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು?" ಎನ್ನುವುದೇ ಅವರ ಮೊದಲ ಪ್ರಶ್ನೆ. ನಿಮ್ಮ ಚಪ್ಪಲಿ ಗಟ್ಟಿ ಇದೆಯಾ ಎಂದು ನಾನು ತಿರುಗಿ ಕೇಳುತ್ತೇನೆ. ಅವರು ನಗುತ್ತಾರೆ. ನಾನು ಕೇಳಿದ್ದು ತಮಾಷೆಗಲ್ಲ. ಸಾಫ್ಟ್‌ವೇರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದನ್ನು ಯಾರಾದರೂ ಕಲಿಸುತ್ತಾರೆ. ನಾಲ್ಕನೇ ಮಹಡಿ ಹತ್ತಿ, ಬೀಗ ನೋಡಿ, ಇಳಿದು, ಸಂಜೆ ಮತ್ತೆ ಹತ್ತುವುದನ್ನು ಯಾರೂ ಕಲಿಸುವುದಿಲ್ಲ.

ನಾನು ಉಡುಪಿ ಕಡೆಯವಳು. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ. ಅಲ್ಲೇ ಹತ್ತಿರದ ಠಾಣೆ ಪಟ್ಟಣದಲ್ಲಿ ಒಂದು ಸಣ್ಣ ಸಂಶೋಧನಾ ಸಂಸ್ಥೆ ಇತ್ತು. ಆಸ್ಪತ್ರೆಗಳಿಗೆ, ಟ್ರಸ್ಟುಗಳಿಗೆ, ಹೌಸಿಂಗ್ ಸೊಸೈಟಿಗಳಿಗೆ ಮನೆಮನೆ ಸರ್ವೆ ಮಾಡಿ ವರದಿ ಬರೆದುಕೊಡುವುದು ಅದರ ಕೆಲಸ. ಫಾರಂ ತುಂಬಿಸುವ ಹುಡುಗಿಯಾಗಿ ಸೇರಿದೆ, ಎಲ್ಲರ ಫಾರಂ ಪರೀಕ್ಷಿಸುವವಳಾಗಿ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮಾಡಿದ ತಪ್ಪುಗಳ ಬಗ್ಗೆ ಹೇಳುವುದು ಬಹಳ ಉಂಟು. ಈ ಕೆಲಸಕ್ಕೆ ಬರುವವರಿಗೆ ಉಪಯೋಗಕ್ಕೆ ಬರುವುದೂ ಅವೇ.

ಮೊದಲನೆಯ ತಪ್ಪು ಸೇರಿದ ಎರಡನೇ ತಿಂಗಳಲ್ಲೇ ಆಯಿತು. ಡೊಂಬಿವಲಿ ಪೂರ್ವದ ಜನ ದಿನಕ್ಕೆ ಎಷ್ಟು ಹೊತ್ತು ಪ್ರಯಾಣದಲ್ಲಿ ಕಳೆಯುತ್ತಾರೆ ಎಂದು ತಿಳಿಯಬೇಕಿತ್ತು. ಕಟ್ಟಡಗಳ ಪಟ್ಟಿಯಿಂದ ಇಂಥ ಇಂಥ ಮನೆ ಎಂದು ಚೀಟಿ ಎತ್ತಿ ಆರಿಸಿ ಕೊಟ್ಟಿದ್ದರು. ನಾನು ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಸಂಜೆ ನಾಲ್ಕರೊಳಗೆ ಮುಗಿಸುತ್ತಿದ್ದೆ. ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಯ ಬೆಲ್ ಒತ್ತುತ್ತಿದ್ದೆ. ಅಲ್ಲಿಯೂ ಮನುಷ್ಯರೇ ಇರುವುದಲ್ಲವೇ, ಏನು ವ್ಯತ್ಯಾಸ ಎಂದುಕೊಂಡಿದ್ದೆ. ಹತ್ತು ದಿನದ ಕೆಲಸ ಆರೇ ದಿನಕ್ಕೆ ಮುಗಿಯಿತು. ನನಗೆ ನನ್ನ ಮೇಲೆ ಬಹಳ ಅಭಿಮಾನವಾಯಿತು.

ಸಂಸ್ಥೆ ಕಟ್ಟಿದವರು ಪ್ರಧಾನ್ ಸರ್. ತೆಳ್ಳಗಿನ, ಬಿಳಿ ಅರ್ಧ ತೋಳಿನ ಅಂಗಿಯ ಮನುಷ್ಯ. ದನಿ ಎತ್ತರಿಸಿ ಬೈದದ್ದನ್ನು ನಾನು ಕಾಣೆ. ಅವರು ನನ್ನ ಫಾರಂಗಳ ಕಟ್ಟನ್ನು ಅರ್ಧ ಗಂಟೆ ತಿರುವಿ ನೋಡಿ, ಕನ್ನಡಕ ತೆಗೆದು, ಮರಾಠಿಯಲ್ಲಿ ಕೇಳಿದರು.

"ಮಾಲತಿ ತಾಈ, ಡೊಂಬಿವಲಿಯಲ್ಲಿ ಯಾರೂ ಲೋಕಲ್ ರೈಲು ಹತ್ತುವುದಿಲ್ಲವೇ?"

ತಾಈ ಎಂದರೆ ಅಕ್ಕ. ಆಫೀಸಿನಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವಳಾದರೂ ಅವರು ಎಲ್ಲ ಹೆಂಗಸರನ್ನೂ ಹಾಗೆಯೇ ಕರೆಯುತ್ತಿದ್ದರು.

"ಹತ್ತುತ್ತಾರೆ ಸರ್."

"ನಿಮ್ಮ ಫಾರಂ ಪ್ರಕಾರ ಇಲ್ಲಿಯ ಜನ ತರಕಾರಿ ಮಾರ್ಕೆಟ್ಟಿಗೆ ನಡೆದುಹೋಗಿ ಬರುತ್ತಾರೆ, ಅಷ್ಟೇ. ನಾಳೆ ಬೆಳಿಗ್ಗೆ ಏಳೂವರೆಗೆ ಸ್ಟೇಷನ್ನಿನ ಸೇತುವೆ ಮೇಲೆ ನಿಂತುಕೊಂಡು ಕೆಳಗೆ ನೋಡಿ. ಆಮೇಲೆ ಆಫೀಸಿಗೆ ಬನ್ನಿ."

ಹೋಗಿ ನಿಂತೆ. ನಾನೂ ದಿನಾ ಅದೇ ಜನಜಂಗುಳಿಯ ಗರ್ದಿಯಲ್ಲಿ ಠಾಣೆಗೆ ಹೋಗುವವಳೇ. ಆದರೆ ಗರ್ದಿಯ ಒಳಗಿದ್ದವರಿಗೆ ಗರ್ದಿ ಕಾಣುವುದಿಲ್ಲ, ಮುಂದಿನವರ ಬೆನ್ನು ಕಾಣುತ್ತದೆ. ಮೇಲಿನಿಂದ ನೋಡಿದಾಗ ಕಂಡಿತು. ನಾನು ಬೀಗ ನೋಡಿ ಬಿಟ್ಟುಬಂದ ಮನೆಗಳ ಜನರೆಲ್ಲ ಇಲ್ಲಿದ್ದರು. ಯಾರ ಬಗ್ಗೆ ತಿಳಿಯಲು ಸರ್ವೆ ಮಾಡಿದ್ದೆನೋ ಅವರನ್ನೇ ಬಿಟ್ಟು, ಮನೆಯಲ್ಲಿ ಉಳಿದವರನ್ನು ಮಾತ್ರ ಕೇಳಿದ್ದೆ. ಬೀಗ ಹಾಕಿದ ಮನೆಯೂ ಬಾಗಿಲು ತೆರೆದ ಮನೆಯೂ ಒಂದೇ ಅಲ್ಲ. ಬೀಗಕ್ಕೆ ಒಂದು ಕಾರಣ ಇರುತ್ತದೆ, ಎಷ್ಟೋ ಸಲ ಆ ಕಾರಣವೇ ನಾವು ಹುಡುಕುವ ಉತ್ತರ. ಎಲ್ಲ ಫಾರಂ ಬದಿಗಿಟ್ಟು, ಭಾನುವಾರಗಳಂದು ಮತ್ತೆ ಮೊದಲಿನಿಂದ ಹತ್ತಿಳಿದೆ.

ಕಾಲೇಜಿನಲ್ಲಿ ಇದನ್ನು ಓದಿರಲಿಲ್ಲವೇ ಎಂದು ನೀವು ಕೇಳಬಹುದು. ಓದಿದ್ದೆ, ಬರೆದು ಅಂಕವನ್ನೂ ತೆಗೆದಿದ್ದೆ. ಆದರೆ ಪಾಠಪುಸ್ತಕದ ಲೆಕ್ಕದಲ್ಲಿ ಅಂಕಿಗಳು ಮೊದಲೇ ಬಂದು ಸಾಲಾಗಿ ಕೂತಿರುತ್ತವೆ. ಅವು ಎಲ್ಲಿಂದ ಬಂದವು, ಯಾರು ಬರಲಿಲ್ಲ ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ಸರಾಸರಿಯ ಪಾಠವನ್ನು ನನಗೆ ಕಲಿಸಿದ್ದು ಕಲ್ಯಾಣದ ಒಬ್ಬ ಅಜ್ಜ. ಅಲ್ಲಿಯ ಒಂದು ದೊಡ್ಡ ಸೊಸೈಟಿಯಲ್ಲಿ ನೀರಿನ ಸರ್ವೆ ಮಾಡಿದ್ದೆವು. ಪ್ರತಿ ಮನೆಗೆ ದಿನಕ್ಕೆ ಸರಾಸರಿ ಎರಡು ಗಂಟೆ ನೀರು ಬರುತ್ತದೆ ಎಂದು ವರದಿ ಬರೆದೆ. ಲೆಕ್ಕ ನಾಲ್ಕು ಸಲ ನೋಡಿದ್ದೆ, ತಪ್ಪಿರಲಿಲ್ಲ. ವಾರದೊಳಗೆ ಏಳನೇ ಮಹಡಿಯ ಅಜ್ಜ ಒಬ್ಬರು ವರದಿಯ ಪ್ರತಿ ಹಿಡಿದುಕೊಂಡು ಆಫೀಸಿಗೇ ಬಂದರು.

"ತಾಈ, ಈ ಎರಡು ಗಂಟೆ ನೀರು ಬರುವ ಮನೆ ಯಾವುದು ಹೇಳಿ. ನಾನು ಸಾಮಾನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತೇನೆ" ಎಂದರು.

ಫಾರಂ ತೆಗೆದು ನೋಡಿದೆ. ಕೆಳಗಿನ ಮಹಡಿಗಳಲ್ಲಿ ನಾಲ್ಕು ಗಂಟೆ ಬರುತ್ತಿತ್ತು. ಮೇಲಿನ ಮಹಡಿಗಳಲ್ಲಿ ನಲ್ಲಿ ಬರೀ ಗಾಳಿ ಊದುತ್ತಿತ್ತು. ಎರಡು ಗಂಟೆ ನೀರು ಬರುವ ಮನೆ ಆ ಸೊಸೈಟಿಯಲ್ಲಿ ಒಂದೂ ಇರಲಿಲ್ಲ. ಇಲ್ಲದ ಮನೆಯ ಸುದ್ದಿಯನ್ನು ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಅಜ್ಜನಿಗೆ ಚಹಾ ತರಿಸಿಕೊಟ್ಟು, ಅವರ ಎದುರಿಗೇ ಮಹಡಿವಾರು ಪಟ್ಟಿ ಮಾಡಿ ಹೊಸ ವರದಿ ಬರೆದೆ. ಅಂದಿನಿಂದ, ಸರಾಸರಿ ತೆಗೆಯುವ ಮೊದಲು ಅಂಕಿಗಳನ್ನು ಒಂದು ಗೆರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೈಯಲ್ಲೇ ಇಟ್ಟು ನೋಡುವುದನ್ನು ರೂಢಿ ಮಾಡಿಕೊಂಡೆ. ಚುಕ್ಕಿಗಳು ಎರಡು ಗುಂಪಾಗಿ ದೂರ ದೂರ ಕೂತಿದ್ದರೆ ನಡುವಿನ ಸಂಖ್ಯೆಗೆ ಅರ್ಥವಿಲ್ಲ. ಹೊಸಬರಿಗೂ ಇದನ್ನೇ ಹೇಳುತ್ತಿದ್ದೆ. ಮೊದಲ ಐವತ್ತು ಫಾರಂ ಕಣ್ಣಿನಿಂದ ಓದಿ. ಏನು ಉತ್ತರ ಬರಬಹುದು ಎಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಯಂತ್ರ ಮುಟ್ಟಿ. ಕೆಲವರು ಮಾಡುತ್ತಿದ್ದರು. ಹೆಚ್ಚಿನವರು "ಹ್ಞೂಂ ಮೇಡಂ" ಎನ್ನುತ್ತಿದ್ದರು.

ಇಷ್ಟೆಲ್ಲ ಕಲಿತು, ಕಲಿಸಿ, ಕೂದಲು ಬೆಳ್ಳಗಾದ ಮೇಲೆ ನಾನು ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಷ್ಟರಲ್ಲಿ ಕಾಗದದ ಫಾರಂ ಹೋಗಿ ಟ್ಯಾಬ್ ಬಂದಿತ್ತು. ಟ್ಯಾಬನ್ನು ನಾನು ಬೈಯುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಫಾರಂಗಳನ್ನು ಫ್ಯಾನಿನ ಕೆಳಗೆ ಹರಡಿ ಒಣಗಿಸಿದವಳಿಗೆ ಅದರ ಬೆಲೆ ಗೊತ್ತು. ಟ್ಯಾಬಿನ ಪ್ರಶ್ನಾವಳಿ ಮಾಡಲು ಶ್ರೀನಿಧಿ ಎಂಬ ಹುಡುಗ ಬಂದಿದ್ದ. ಮೈಸೂರಿನವನು, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಹೆಂಡತಿಗೆ ನವಿ ಮುಂಬಯಿಯಲ್ಲಿ ಕೆಲಸ ಸಿಕ್ಕಿತೆಂದು ಈ ಕಡೆ ಬಂದವನು. ಚುರುಕು, ವಿನಯವಂತ. ಆಫೀಸಿನಲ್ಲಿ ಕನ್ನಡ ಮಾತಾಡಲು ನನಗೂ ಒಬ್ಬ ಸಿಕ್ಕ.

ಒಂದು ಟ್ರಸ್ಟಿನವರು ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳ ಪಕ್ಕದ ಚಾಳುಗಳಲ್ಲಿ, ಅಂದರೆ ಕಾರ್ಮಿಕರ ಒಂದೊಂದೇ ಖೋಲಿಯ (ಕೋಣೆಯ) ಸಾಲುಮನೆಗಳಲ್ಲಿ, ಸಂಚಾರಿ ದವಾಖಾನೆ ನಡೆಸುತ್ತಿದ್ದರು. ಒಂದು ವ್ಯಾನು, ಒಬ್ಬ ಡಾಕ್ಟರು, ಒಬ್ಬ ನರ್ಸು, ವಾರಕ್ಕೆ ಮೂರು ದಿನ. ಉಸಿರಾಟದ ತೊಂದರೆಗೆ ಅಲ್ಲಿ ಪುಕ್ಕಟೆ ಔಷಧ ಸಿಗುತ್ತಿತ್ತು. ಇರುವುದು ಒಂದೇ ವ್ಯಾನು, ಅದನ್ನು ಚಾಳಿನಲ್ಲೇ ಇಡಬೇಕೋ, ಎರಡು ಮೈಲಿ ಆಚೆಯ ಹೊಸ ಟವರ್‌ಗಳ ಬಡಾವಣೆಗೆ ಕಳಿಸಬೇಕೋ ಎಂದು ಅವರು ತೀರ್ಮಾನಿಸಬೇಕಿತ್ತು. ಎರಡೂ ಕಡೆ ಸರ್ವೆ ಮಾಡಿಕೊಡಿ ಎಂದರು.

ಮಾಡಿದೆವು. ಉತ್ತರ ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು. ಚಿಮಣಿಗಳ ಬುಡದಲ್ಲಿರುವ ಚಾಳಿನಲ್ಲಿ ಉಸಿರಾಟದ ಕಾಯಿಲೆ ಕಡಿಮೆ, ದೂರದ ಟವರ್‌ಗಳಲ್ಲಿ ಜಾಸ್ತಿ. ಶ್ರೀನಿಧಿ ಮೂರು ಬೇರೆ ಬೇರೆ ವಿಧದಲ್ಲಿ ಪರೀಕ್ಷಿಸಿದ. ವ್ಯತ್ಯಾಸ ಆಕಸ್ಮಿಕವಲ್ಲ, ನಿಜವಾಗಿಯೂ ಇದೆ ಎಂದೇ ಬಂತು. ಚಾಳಿನ ಜನ ದುಡಿಯುವ ಮಂದಿ, ಗಟ್ಟಿ ಜೀವ, ಅದಕ್ಕೇ ಹೀಗಿರಬಹುದು ಎಂದು ನಾನೇ ಒಂದು ವಾಕ್ಯ ಸೇರಿಸಿದೆ. ಅಂಕಿಯ ಬೆನ್ನಿಗೆ ಒಂದು ಕಥೆ ಸಿಕ್ಕಿಬಿಟ್ಟರೆ ಮನಸ್ಸು ಮುಂದಿನ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ. ಪ್ರಧಾನ್ ಸರ್ ಓದಿ ಸಹಿ ಹಾಕಿದರು, ಕೆಳಗೆ ನಾನೂ ಹಾಕಿದೆ. ವರದಿ ಹೋಯಿತು. ಮುಂದಿನ ಸೋಮವಾರ ಟ್ರಸ್ಟಿನ ಸಭೆ, ಅಲ್ಲಿ ವ್ಯಾನಿನ ತೀರ್ಮಾನ.

ಬುಧವಾರ ಟ್ರಸ್ಟಿನವರು ಫೋನ್ ಮಾಡಿ, ಸಭೆಯಲ್ಲಿ ತೋರಿಸಲು ಚಾಳಿನ ನಾಲ್ಕು ಫೋಟೋ ಬೇಕು ಎಂದರು. ಮರುದಿನ ನಾನೂ ಶ್ರೀನಿಧಿಯೂ ಹೋದೆವು. ಅವನು ಫೋಟೋ ತೆಗೆಯುತ್ತಿದ್ದಾಗ ಒಂದು ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಬಾಗಿಲಲ್ಲಿ ನಿಂತೆ. ಐವತ್ತು ದಾಟಿದ ಹೆಂಗಸು, ಎದುರಿಗೆ ಜೋಳದ ರೊಟ್ಟಿಯ ಗೋಪುರ. ಹೆಸರು ಗೌರವ್ವ, ವಿಜಯಪುರದ ಕಡೆಯವರು. ಗಂಡ ಬಣ್ಣದ ಕಾರ್ಖಾನೆಯಲ್ಲಿದ್ದವರು, ತೀರಿಹೋಗಿ ಬಹಳ ವರ್ಷವಾಯಿತಂತೆ. ಹತ್ತಿರದ ಮೆಸ್ಸುಗಳಿಗೆ ರೊಟ್ಟಿ ಮಾಡಿಕೊಟ್ಟು ಬದುಕು ನಡೆಸುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಹಿಟ್ಟಿನ ಕೈಯಲ್ಲೇ ಮಣೆ ಸರಿಸಿದರು.

"ಬರ್ರಿ ಅಕ್ಕಾರ, ಕುಂದರ್ರಿ. ಅವತ್ತ ಟ್ಯಾಬ್ ಹಿಡಕೊಂಡ ಬಂದ ಹುಡುಗಿ ನಿಮ್ಮಾಕಿನ ಏನು? ಮರಾಠಿಯೊಳಗ ಕೇಳಿದ್ಲು."

"ಹೌದು, ನಮ್ಮವಳೇ. ಎಂತ ಕೇಳಿದಳು?"

"'ಶ್ವಾಸಾಚಾ ಆಜಾರ ಆಹೇ ಕಾ' ಅಂದ್ಲು. ಉಸುರಿನ ಜಡ್ಡು ಐತೇನು ಅಂತ. ನನಗೆಲ್ಲಿ ಜಡ್ಡು ಬಂದೈತ್ರಿ? ಜಡ್ಡಂದ್ರ ಹಾಸಿಗಿ ಹಿಡದವರಿಗೆ. ಇಲ್ಲ ಅಂದೆ, ಒತ್ತಿಕೊಂಡ ಹೋದ್ಲು."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಸಣ್ಣ ಕೆಮ್ಮಲ್ಲ. ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ರೊಟ್ಟಿಗೆ ಕೈ ಹಾಕಿದರು.

"ಇದು ಯಾವಾಗಿಂದ ಗೌರವ್ವ?"

"ಇದಾ? ಇದು ಜಡ್ಡಲ್ರಿ, ಹೊಗಿ. ಚಳಿಗಾಲದಾಗ ಮುಂಜಾನೆ ಎಲ್ಲಾರೂ ಹಿಂಗ ಕೆಮ್ಮತೀವಿ."

ನಾನು ಮಣೆಯ ಮೇಲೆ ಕೂತೆ. ಎದುರಿನ ಖೋಲಿಗೆ ಬೀಗ ಇತ್ತು. ಅದರ ಪಕ್ಕದ್ದಕ್ಕೂ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ: "ಎದುರು ಮನೆಯವರು ಊರಿಗೆ ಹೋಗಿದ್ದಾರಾ?"

"ಊರಿಗೆಲ್ಲಿ? ವಿಠ್ಠಲವಾಡಿಗೆ ಹೋದ್ರು. ಅವರ ಸೊಸಿಗೆ ದಮ್ಮ ಹತ್ತತಿತ್ತರಿ. ಕುಂತ ನಿದ್ದಿ ಮಾಡಾಕಿ ಪಾಪ. ವ್ಯಾನಿನ ಡಾಕ್ಟರು ಜಾಗಾ ಬದಲಿ ಮಾಡ್ರಿ ಅಂದ್ರು. ಆ ಬಾಜೂ ಖೋಲಿಯವರೂ ಹೋದ್ರು, ಅಂಬರನಾಥಕ್ಕ. ಅವರ ಹುಡುಗಗ ಹಂಗ ಆಗತಿತ್ತು." ರೊಟ್ಟಿ ತಿರುವಿ ಹಾಕಿ ಹೇಳಿದರು: "ಕೆಮ್ಮ ತಡೀಲಾರದವರು ಬಿಟ್ಟ ಹೋದ್ರು ಅಕ್ಕಾರ. ತಡಕೊಳ್ಳೋರು ಉಳದೀವಿ."

ಮೂವತ್ತು ವರ್ಷ ನಾನು ಬೇರೆಯವರಿಗೆ ಹೇಳಿಕೊಟ್ಟದ್ದನ್ನು ಈ ಹೆಂಗಸು ರೊಟ್ಟಿ ಬಡಿಯುತ್ತ ಎರಡೇ ಮಾತಿನಲ್ಲಿ ಹೇಳಿದ್ದರು. ಕಾಯಿಲೆ ಬಿದ್ದವರು ಜಾಗ ಬಿಟ್ಟು ಹೋಗಿದ್ದಾರೆ. ಉಳಿದವರನ್ನು ಎಣಿಸಿ, ಈ ಜಾಗದಲ್ಲಿ ಕಾಯಿಲೆ ಕಡಿಮೆ ಎಂದು ನಾನು ಸಹಿ ಹಾಕಿದ್ದೇನೆ. ಉಳಿದವರಲ್ಲೂ ಕೆಮ್ಮುವವರು ಇದ್ದಾರೆ, ಆದರೆ ನಾವು ಕೇಳಿದ್ದು ಕೆಮ್ಮನ್ನಲ್ಲ, 'ಕಾಯಿಲೆ'ಯನ್ನು. ಟವರಿನವರ ಕೆಮ್ಮಿಗೆ ಡಾಕ್ಟರು ಕೊಟ್ಟ ಹೆಸರಿತ್ತು. ಚಾಳಿನವರಿಗೆ ಬರೀ ಕೆಮ್ಮಿತ್ತು.

ಹೊರಗೆ ಬಂದು ಶ್ರೀನಿಧಿಗೆ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

"ಮೇಡಂ, ಒಬ್ರು ಹೇಳಿದ ಮಾತಿಗೆ ಇಡೀ ಸರ್ವೆ ಬಿಡೋಕಾಗುತ್ತಾ? ಡೇಟಾ ಪೂರ್ತಿ ಕ್ಲೀನ್ ಆಗಿದೆ. ಒಂದು ಖಾಲಿ ಉತ್ತರ ಕೂಡ ಇಲ್ಲ."

"ಕ್ಲೀನ್ ಉಂಟು ಮಾರಾಯ. ಅದೇ ನನಗೆ ಹೆದರಿಕೆ. ಈ ಎರಡು ಬೀಗ ನೋಡು. ಇವು ನಿನ್ನ ಡೇಟಾದಲ್ಲಿ ಎಲ್ಲಿ ಉಂಟು ತೋರಿಸು."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಸ್ವಲ್ಪ ಹೊತ್ತು ಹುಡುಕಿದ. ಆಮೇಲೆ ತಲೆ ಎತ್ತದೆ ಹೇಳಿದ: "ಬೀಗ ಇದ್ರೆ ಟ್ಯಾಬೇ ಮುಂದಿನ ಮನೆ ಕೊಡೋ ಹಾಗೆ ಮಾಡಿದ್ದೆ ಮೇಡಂ. ಹುಡುಗಿಯರ ಟೈಮ್ ಉಳೀಲಿ ಅಂತ."

ಹೊಸಬಳಾಗಿದ್ದಾಗ ನಾನು ಬೆಲ್ ಒತ್ತಿ ಮಾಡಿದ ತಪ್ಪನ್ನು ಈಗ ಯಂತ್ರವೇ, ಯಾರಿಗೂ ಕಾಣದ ಹಾಗೆ, ಒಂದೇ ಒಂದು ಸಲವೂ ತಪ್ಪದೆ ಮಾಡಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಪ್ರಶ್ನಾವಳಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳು ನಾನು. ಬೀಗದ ಮನೆಗೆ ಏನು ಮಾಡುತ್ತೀ ಎಂದು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ. ಟ್ಯಾಬ್ ಬಿಟ್ಟುಹೋದ ಮನೆಗಳ ದಾಖಲೆ ಮಾತ್ರ ಅದೃಷ್ಟಕ್ಕೆ ಉಳಿದಿತ್ತು. ಟವರ್‌ಗಳಲ್ಲಿ ಅಂಥವು ಬೆರಳೆಣಿಕೆಯಷ್ಟು. ಚಾಳಿನ ಪಟ್ಟಿ ತೆರೆಯ ಮೇಲೆ ಇಳಿಯುತ್ತ, ಇಳಿಯುತ್ತ ಹೋಯಿತು. ಶ್ರೀನಿಧಿಯ ಮುಖ ಸಣ್ಣದಾಯಿತು.

ಅಂದು ಸಂಜೆಯೇ ಠಾಣೆಗೆ ಹೋಗಿ ಪ್ರಧಾನ್ ಸರ್ ಎದುರು ನಿಂತೆ. ಆಗ ಅವರಿಗೆ ಎಪ್ಪತ್ತರ ಮೇಲಾಗಿತ್ತು. ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು.

"ವರದಿ ಹೋಗಿಯಾಗಿದೆ ತಾಈ" ಎಂದರು. "ಹಿಂದೆ ತೆಗೆದುಕೊಂಡರೆ ಸಂಸ್ಥೆಯ ಹೆಸರು ಹೋಗುತ್ತದೆ."

"ತೆಗೆದುಕೊಳ್ಳದಿದ್ದರೆ ವ್ಯಾನು ಹೋಗುತ್ತದೆ ಸರ್."

ಅವರು ಬೆರಳು ಮಡಚಿ ದಿನಗಳನ್ನು ಎಣಿಸಿದರು. ನನಗೆ ಸಿಟ್ಟು ಬಂದಿತ್ತು, ಅವರ ಮೇಲಲ್ಲ, ನನ್ನ ಮೇಲೆ. ಕೊನೆಗೆ ಅವರು ಹೇಳಿದರು: "ಶುಕ್ರವಾರ, ಶನಿವಾರ, ಭಾನುವಾರ ಇದೆ. ಹೊಸ ಸರ್ವೆ ಆಗುವುದಿಲ್ಲ. ಹೋದವರನ್ನು ಹುಡುಕಿ. ಸಿಕ್ಕಷ್ಟು ಜನರನ್ನು ನೋಡಿ ಬನ್ನಿ. ಸಭೆಯಲ್ಲಿ ನೀವೇ ಮಾತಾಡಬೇಕು."

ಹುಡುಕುವುದು ಹೇಗೆ? ದಾರಿ ತೋರಿಸಿದ್ದೂ ಗೌರವ್ವನೇ. ಅವರ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಾಳು ಬಿಟ್ಟುಹೋದವರ ಫೋನ್ ನಂಬರುಗಳಿದ್ದವು. ಮದುವೆ, ಸೀಮಂತ, ಸಾವು, ಯಾವುದಕ್ಕಾದರೂ ತಿಳಿಸಬೇಕಲ್ಲ ಎಂದು ಬರೆದಿಟ್ಟುಕೊಂಡದ್ದಂತೆ. ನಮ್ಮ ಸಂಸ್ಥೆಯಲ್ಲಿ ಇಷ್ಟೊಂದು ಯಂತ್ರಗಳಿದ್ದರೂ ಅಂಥದೊಂದು ಪಟ್ಟಿ ಇರಲಿಲ್ಲ. ಒಬ್ಬರಿಗೆ ಫೋನ್ ಮಾಡಿದರೆ ಅವರು ಇನ್ನಿಬ್ಬರ ನಂಬರ್ ಕೊಟ್ಟರು. ಮೂರು ದಿನ ನಾವಿಬ್ಬರೂ ವಿಠ್ಠಲವಾಡಿ, ಅಂಬರನಾಥ, ಕಲ್ಯಾಣದ ಗಲ್ಲಿಗಳನ್ನು ಸುತ್ತಿದೆವು. ಮೊದಲ ದಿನವೇ ಶ್ರೀನಿಧಿಯ ಹೊಸ ಬೂಟು ಕಚ್ಚಿತು, ಎರಡನೇ ದಿನ ಅವನು ಚಪ್ಪಲಿಯಲ್ಲಿ ಬಂದ.

ಎದುರು ಖೋಲಿಯ ಸೊಸೆ ವಿಠ್ಠಲವಾಡಿಯಲ್ಲಿ ಸಿಕ್ಕಳು. ಇಪ್ಪತ್ತೈದರ ಹುಡುಗಿ, ಹೆಸರು ಸವಿತಾ. ಈ ಸಲ ನಾವು ಕಾಯಿಲೆ ಇದೆಯಾ ಎಂದು ಕೇಳಲಿಲ್ಲ. ಮೆಟ್ಟಿಲು ಹತ್ತುವಾಗ ಎಷ್ಟು ಸಲ ನಿಲ್ಲುತ್ತೀರಿ, ಮಲಗಿದಾಗ ಕೆಮ್ಮು ಎಬ್ಬಿಸುತ್ತದೆಯೇ, ಚಾಳಿನಲ್ಲಿದ್ದಾಗ ಹೇಗಿತ್ತು ಎಂದು ಕೇಳಿದೆವು. ಅವಳು ಇನ್‌ಹೇಲರ್ ತಂದು ತೋರಿಸಿದಳು. ಇಲ್ಲಿಗೆ ಬಂದ ಮೇಲೆ ಮಲಗಿ ನಿದ್ದೆ ಮಾಡುತ್ತೇನೆ ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಂದ ನಗುವನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂದು ನನಗೆ ತೋಚಲಿಲ್ಲ.

ಶನಿವಾರದ ಹೊತ್ತಿಗೆ ಶ್ರೀನಿಧಿ ಪೂರ್ತಿ ಆ ಕಡೆ ವಾಲಿದ್ದ. ಕಲ್ಯಾಣ ಸ್ಟೇಷನ್ನಿನಲ್ಲಿ ವಡಾಪಾವ್ ತಿನ್ನುತ್ತ, "ಈಗ ಪ್ರೂವ್ ಆಯ್ತಲ್ಲ ಮೇಡಂ. ಕಾರ್ಖಾನೆ ಹೊಗೆಯಿಂದಾನೇ ಎಲ್ಲ ಅಂತ ಬರೆದುಬಿಡೋಣ" ಎಂದ.

"ಗಡಿಬಿಡಿ ಮಾಡಬೇಡ. ನಿನ್ನೆ ಸಿಕ್ಕ ಹೆಂಗಸಿಗೆ ಊರಲ್ಲಿ ಸಣ್ಣವಳಿದ್ದಾಗಲೇ ದಮ್ಮು ಇತ್ತಲ್ಲ? ಮಗನಿಗೆ ದೊಡ್ಡ ಖೋಲಿ ಬೇಕು ಅಂತ ಬಿಟ್ಟವರು ಇಬ್ಬರು, ಅವರಿಗೆ ಎಂತ ತೊಂದರೆಯೂ ಇಲ್ಲ. ಅವರನ್ನು ಎಲ್ಲಿ ಹಾಕುತ್ತೀ?"

"ಅವರು ಸ್ವಲ್ಪ ಜನ ಅಲ್ವಾ?"

"ಸ್ವಲ್ಪ ಜನ ಅಂತ ಬಿಟ್ಟದ್ದಕ್ಕೇ ನಾವು ಇಲ್ಲಿ ತಿರುಗುತ್ತಾ ಇರುವುದು. ಬೇಕಾದವರನ್ನು ಇಟ್ಟುಕೊಂಡು ಬೇಡಾದವರನ್ನು ಬಿಟ್ಟರೆ ಮೊದಲಿನ ವರದಿಗೂ ಇದಕ್ಕೂ ಎಂತ ವ್ಯತ್ಯಾಸ? ಕ್ಯಾಲೆಂಡರಿನಲ್ಲಿ ಇದ್ದವರು ಗೌರವ್ವನಿಗೆ ಬೇಕಾದವರು. ಬೇಡಾದವರು ಎಲ್ಲಿ ಹೋದರೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರಿ."

ಅವನು ವಡಾಪಾವ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹಾಗೆಯೇ ಬರೆದುಕೊಂಡ.

ಸೋಮವಾರದ ಸಭೆಯಲ್ಲಿ ಎಂಟು ಜನ ಇದ್ದರು. ಟ್ರಸ್ಟಿನ ಅಧ್ಯಕ್ಷೆ ಒಬ್ಬ ಹಿರಿಯ ಡಾಕ್ಟರಮ್ಮ. ಹತ್ತಿ ಸೀರೆ, ಕಡಿಮೆ ಮಾತು. ನಮ್ಮ ವರದಿಯ ಪ್ರತಿ ಎಲ್ಲರ ಮುಂದೆ ಇತ್ತು, ಕೆಲವರು ಮುಖ್ಯ ವಾಕ್ಯದ ಕೆಳಗೆ ಗೆರೆ ಎಳೆದುಕೊಂಡಿದ್ದರು. ನಾನು ಎದ್ದು ನಿಂತು, ಆ ಗೆರೆ ಎಳೆದ ವಾಕ್ಯ ತಪ್ಪು, ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ, ತಪ್ಪು ನನ್ನದು ಎಂದೆ. ಬೀಗದ ಮನೆಗಳ ವಿಷಯ ಹೇಳಿದೆ. ಆಜಾರ ಎಂಬ ಪದದ ವಿಷಯ ಹೇಳಿದೆ. ಹುಡುಕಿ ಸಿಕ್ಕವರ ಬಗ್ಗೆ, ಸಿಗದವರ ಬಗ್ಗೆ ಹೇಳಿದೆ.

ಟ್ರಸ್ಟಿಗಳಲ್ಲಿ ಒಬ್ಬರಿಗೆ ರೇಗಿತು. "ಹೋದ ವಾರ ಚಾಳಿನವರು ಆರೋಗ್ಯವಾಗಿದ್ದಾರೆ ಎಂದಿರಿ. ಈಗ ಇಲ್ಲ ಎನ್ನುತ್ತೀರಿ. ಸರಿಯಾಗಿ ಒಂದು ಹೇಳಿ."

"ಅವರು ಟವರಿನವರಿಗಿಂತ ಆರೋಗ್ಯವಾಗಿದ್ದಾರೆ ಎಂದು ಈ ಸರ್ವೆಯಿಂದ ಹೇಳಲು ಬರುವುದಿಲ್ಲ. ಎಷ್ಟು ಹೆಚ್ಚು ಕಾಯಿಲೆ ಇದೆ, ಯಾತರಿಂದ ಎಂದೂ ಹೇಳಲು ಬರುವುದಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು: ನಾವು ಎಣಿಸದೆ ಬಿಟ್ಟವರಲ್ಲಿ ಉಸಿರಿಗಾಗಿ ಮನೆ ಬಿಟ್ಟವರು ಬಹಳ ಜನ ಇದ್ದಾರೆ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಂದು ಪ್ರಶ್ನೆ" ಎಂದರು. "ನಿಮ್ಮ ಮೊದಲ ವರದಿ ನಂಬಿ ವ್ಯಾನು ತೆಗೆದೆವು, ಅದು ತಪ್ಪಾಗಿತ್ತು ಎಂದುಕೊಳ್ಳಿ. ಪೆಟ್ಟು ಯಾರಿಗೆ?"

"ಇನ್ನೂ ಬಿಟ್ಟುಹೋಗಲು ಆಗದವರಿಗೆ" ಎಂದೆ.

"ವ್ಯಾನು ಇಟ್ಟೆವು, ಈಗ ನೀವು ಹೇಳುತ್ತಿರುವುದು ತಪ್ಪಾಗಿತ್ತು ಎಂದುಕೊಳ್ಳಿ?"

"ಟವರಿನವರಿಗೆ ಆಟೋ ಹತ್ತುವ ತೊಂದರೆ. ಅವರಿಗೆ ಬೇರೆ ಡಾಕ್ಟರಿದ್ದಾರೆ."

ಅವರು ಉಳಿದವರ ಮುಖ ನೋಡಿದರು. ವ್ಯಾನು ಚಾಳಿನಲ್ಲೇ ಉಳಿಯಿತು. ಒಂದು ವರ್ಷ ಆ ಜನರನ್ನು ಹೆಸರು ಹಿಡಿದು ಗಮನಿಸಬೇಕು, ಯಾರಾದರೂ ಮನೆ ಬಿಟ್ಟರೆ ಹೋದಲ್ಲಿಗೇ ಹೋಗಿ ಕೇಳಬೇಕು ಎಂದು ನಮಗೆ ಹೇಳಿದರು. ರೇಗಿದ ಟ್ರಸ್ಟಿ ಹೊರಗೆ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಮರುದಿನ ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೆ ಪ್ರಧಾನ್ ಸರ್ ಅವರ ಕೈಬರಹದ ಸೂಚನೆ ಇತ್ತು: ಇನ್ನು ಮುಂದೆ ಪ್ರತಿ ವರದಿಯ ಮೊದಲ ಪುಟದಲ್ಲೇ ನಾವು ಯಾರನ್ನು ಭೇಟಿಯಾಗಲಿಲ್ಲ, ಏಕೆ ಎಂದು ಬರೆಯತಕ್ಕದ್ದು. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಪ್ರಶಂಸಾಪತ್ರ ಎಂದರೆ ಅದೇ ಎಂದು ನಾನು ತಿಳಿದಿದ್ದೇನೆ.

ಮುಂದಿನ ಚಳಿಗಾಲದಲ್ಲಿ, ನನ್ನ ನಿವೃತ್ತಿಗೆ ಕೆಲವೇ ವಾರ ಇದ್ದಾಗ, ಆ ವರ್ಷದ ಮೂರನೇ ಸುತ್ತಿನ ಭೇಟಿಗೆ ಚಾಳಿಗೆ ಹೋದೆವು. ಗೌರವ್ವನ ಬಾಗಿಲಿಗೆ ಬೀಗ ಇತ್ತು. ರೊಟ್ಟಿ ಬಡಿಯುವ ಸದ್ದಿಲ್ಲ. ಪಕ್ಕದವರನ್ನು ಕೇಳಿದರೆ, ಕೆಮ್ಮು ಜೋರಾಗಿ ಮಗಳು ಬಂದು ಕರೆದುಕೊಂಡು ಹೋದಳು, ಅಂಬರನಾಥಕ್ಕೆ ಎಂದರು. ಶ್ರೀನಿಧಿ ನನ್ನನ್ನು ಕೇಳಲಿಲ್ಲ. "ಬನ್ನಿ ಮೇಡಂ, ಹನ್ನೊಂದು ಇಪ್ಪತ್ತರ ಗಾಡಿ ಸಿಗುತ್ತೆ" ಎಂದು ಹೊರಟೇಬಿಟ್ಟ.

ಹಳೆಯ ಶಿವಾಲಯದ ಹತ್ತಿರದ ಒಂದು ಗಲ್ಲಿಯಲ್ಲಿ ಮಗಳ ಮನೆ. ಗೌರವ್ವ ಬಿಸಿಲಿಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಸ್ವಲ್ಪ ಇಳಿದುಹೋಗಿದ್ದರು, ಆದರೆ ಮಾತಾಡುವಾಗ ಉಸಿರು ಕಟ್ಟುತ್ತಿರಲಿಲ್ಲ. ನಮ್ಮನ್ನು ನೋಡಿ ಕೈ ಹಣೆಗೆ ಅಡ್ಡ ಹಿಡಿದು ಗುರುತು ಹಿಡಿದರು.

"ಅಯ್ಯ, ಅಕ್ಕಾರ! ಇಷ್ಟ ದೂರ ಯಾಕ ಬಂದ್ರಿ? ನಾ ಆ ಖೋಲಿ ಬಿಟ್ಟಬಿಟ್ಟೆ. ನಿಮ್ಮ ಲೆಕ್ಕದಾಗ ಈಗ ನಾ ಇಲ್ಲಲ್ಲ."

ನಾನು ಬಾಯಿ ತೆರೆಯುವ ಮೊದಲೇ ಶ್ರೀನಿಧಿ ಅವರ ಎದುರು ನೆಲದ ಮೇಲೆ ಕೂತ. ಟ್ಯಾಬನ್ನು ತೊಡೆಯ ಮೇಲೆ ಬೋರಲು ಇಟ್ಟ.

"ಇದ್ದೀರಮ್ಮ. ನಿಮ್ಮನ್ನ ಬಿಟ್ರೆ ನಮ್ಮ ಲೆಕ್ಕ ಸುಳ್ಳಾಗುತ್ತೆ" ಎಂದ.

ಗೌರವ್ವ ಮೆಣಸಿನಕಾಯಿಯ ಮೊರ ಬದಿಗೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡರು.

"ಹಂಗಾರ ಗಡಿಬಿಡಿ ಮಾಡಬ್ಯಾಡಪ್ಪ. ಮೊದಲಿಂದ ಹೇಳತೀನಿ, ಪೂರಾ ಬರಕೊಂಡ ಹೋಗು."